ಎಂಟಾಣೆ ವಾಸಿ: ಹೆಬ್ಬೆರಳ ಬುಡದ ನೋವನ್ನು ಅಳೆಯುವುದು ಹೇಗೆ?

(ಮೈಸೂರಿನ ಒಂದು ಬಡಾವಣೆಯ ವಾಚನಾಲಯದಲ್ಲಿ ಹಿರಿಯರ ಮುಂದೆ ಆಡಿದ ಮಾತುಗಳಿವು. ಬರೆಯುವಾಗ ಒಂದಷ್ಟು ಬಿಟ್ಟಿದ್ದೇನೆ, ಒಂದಷ್ಟು ಸೇರಿಸಿದ್ದೇನೆ. ನಡುವೆ ಬಂದ ಪ್ರಶ್ನೆಗಳು ಬಂದ ಜಾಗದಲ್ಲೇ ಇವೆ. ನಾನು ಫಿಸಿಯೋಥೆರಪಿಸ್ಟ್. ಹೆಚ್ಚಾಗಿ ನೋಡುವುದು ಕೈಗಳನ್ನು.)

ಎಲ್ಲರಿಗೂ ನಮಸ್ಕಾರ. ಕೂತಲ್ಲೇ ಒಂದು ಸಣ್ಣ ಕೆಲಸ ಮಾಡಿ. ಬಲಗೈ ಹೆಬ್ಬೆರಳಿನ ಉಗುರಿನಿಂದ ಕೆಳಗೆ ಸವರಿಕೊಂಡು ಬನ್ನಿ. ಒಂದು ಗೆಣ್ಣು ಸಿಗುತ್ತದೆ. ಆಮೇಲೆ ಇನ್ನೊಂದು. ಇನ್ನೂ ಕೆಳಗೆ, ಮಣಿಕಟ್ಟು ಬರುವುದಕ್ಕೆ ಸ್ವಲ್ಪ ಮುಂಚೆ, ಮೂರನೆಯ ಕೀಲು ಇದೆ. ಅಲ್ಲಿ ಒತ್ತಿ. ಯಾರಿಗಾದರೂ "ಅಯ್ಯಪ್ಪಾ" ಅನ್ನಿಸಿತಾ? ನಾಲ್ಕೈದು ಕೈ ಎದ್ದವು. ಸರಿ, ಇವತ್ತಿನ ಮಾತು ನಿಮ್ಮ ಬಗ್ಗೆಯೇ.

ಆ ಕೀಲಿನ ಆಕಾರ ಕುದುರೆಯ ಜೀನಿನ ಹಾಗೆ. ಒಂದು ಮೂಳೆ ಜೀನು, ಇನ್ನೊಂದು ಅದರ ಮೇಲೆ ಕೂತ ಸವಾರ. ಅದಕ್ಕೇ ಹೆಬ್ಬೆರಳು ಹಿಂದೆ ಮುಂದೆ, ಅಕ್ಕಪಕ್ಕ ಆಡಿ, ಉಳಿದ ನಾಲ್ಕೂ ಬೆರಳಿಗೆ ಎದುರಾಗಿ ನಿಲ್ಲುತ್ತದೆ. ತುತ್ತು ಕಲಸಲು, ರಂಗೋಲಿ ಎಳೆಯಲು, ಸೀರೆಯ ನೆರಿಗೆ ಹಿಡಿಯಲು ಇದೇ ಬೇಕು. ಇಷ್ಟೆಲ್ಲ ಆಡುವ ಕೀಲು ಹೊರುವ ಭಾರವೂ ಜಾಸ್ತಿ. 1977ರಲ್ಲಿ ಕೂನಿ ಮತ್ತು ಚಾವೋ ಎಂಬ ಇಬ್ಬರು ಅಮೆರಿಕದಲ್ಲಿ ಇದರ ಲೆಕ್ಕ ಹಾಕಿದರು. ಬೆರಳ ತುದಿಯಲ್ಲಿ 1 ಕೆಜಿಯಷ್ಟು ಒತ್ತಿ ಹಿಡಿದರೆ ಬುಡದ ಕೀಲಿನ ಮೇಲೆ ಸುಮಾರು 12 ಕೆಜಿ ಬೀಳುತ್ತದೆ ಎಂದು ಸಿಕ್ಕಿತು. ಅವರೆಕಾಯಿ ಕಾಲದಲ್ಲಿ ಹಿದಕಿದ ಬೇಳೆ ಸಾರು ಚಪ್ಪರಿಸುವಾಗ ಇದು ನೆನಪಿರಲಿ. ಒಂದೊಂದು ಬೇಳೆಯ ಹಿಂದೆಯೂ ಯಾರದೋ ಹೆಬ್ಬೆರಳಿದೆ.

ವರ್ಷಗಳು ಕಳೆದಂತೆ ಮೂಳೆಗಳ ತುದಿಯ ನುಣುಪು ಹೊದಿಕೆ ಸವೆಯುತ್ತದೆ. ಮುಟ್ಟು ನಿಂತ ಹೆಂಗಸರಲ್ಲಿ ಇದು ಜಾಸ್ತಿ. ಬೀಗ ತಿರುಗಿಸುವಾಗ, ಬಟ್ಟೆ ಹಿಂಡುವಾಗ ಚುಳ್ ಎನ್ನುತ್ತದೆ. ಬುಡದಲ್ಲಿ ಮೂಳೆ ಎದ್ದು ಕಾಣತೊಡಗುತ್ತದೆ. ಕಾಯಿಲೆಯ ಬಗ್ಗೆ ಇಷ್ಟು ಸಾಕು. ನಾನು ಬಂದಿರುವುದು ಬೇರೆ ವಿಷಯ ಹೇಳಲು: ಈ ನೋವು ಎಷ್ಟಿದೆ ಎಂದು ಗೊತ್ತು ಮಾಡಿಕೊಳ್ಳುವುದು ಹೇಗೆ?

ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬರು ತಕ್ಷಣ ಹೇಳಿದರು: "ಎಕ್ಸ್‌ರೇ ತೆಗೆದ್ರೆ ಗೊತ್ತಾಗಲ್ವಾ ಮೇಡಂ?"

ಗೊತ್ತಾಗಲ್ಲ ಸಾರ್. ಎಕ್ಸ್‌ರೇ ಸವೆತವನ್ನು ತೋರಿಸುತ್ತದೆ, ನೋವನ್ನಲ್ಲ. ಸವೆತಕ್ಕೆ ನಾಲ್ಕು ಹಂತಗಳ ಒಂದು ಲೆಕ್ಕ ಇದೆ. ಈಟನ್ ಮತ್ತು ಲಿಟ್ಲರ್ ಎಂಬ ಕೈ ಸರ್ಜನ್‌ಗಳು 1973ರಲ್ಲಿ ಕೊಟ್ಟದ್ದು. ಈಗಲೂ ಎಲ್ಲರೂ ಬಳಸುತ್ತಾರೆ. ಆದರೆ ನಾಲ್ಕನೇ ಹಂತದವರು ಆರಾಮಾಗಿ ರೊಟ್ಟಿ ತಟ್ಟುತ್ತಿರುತ್ತಾರೆ, ಎರಡನೇ ಹಂತದವರು ರಾತ್ರಿ ನಿದ್ದೆ ಬಾರದೆ ಕೂತಿರುತ್ತಾರೆ. 2005ರಲ್ಲಿ ಅಮೆರಿಕದಿಂದ ಒಂದು ಅಧ್ಯಯನ ಬಂತು. ಬಿದ್ದು ಮಣಿಕಟ್ಟು ಮುರಿದುಕೊಂಡು ಬಂದವರ ಎಕ್ಸ್‌ರೇಗಳನ್ನೇ ಮತ್ತೆ ತೆಗೆದು ಹೆಬ್ಬೆರಳ ಬುಡ ನೋಡಿದರು. 80 ದಾಟಿದವರಲ್ಲಿ ಹತ್ತರಲ್ಲಿ ಒಂಬತ್ತು ಜನಕ್ಕೆ ಸವೆತ ಇತ್ತು. ಅವರು ಬಂದದ್ದು ಹೆಬ್ಬೆರಳು ನೋಯುತ್ತಿದೆ ಎಂದಲ್ಲ, ಮಣಿಕಟ್ಟು ಮುರಿದಿದೆ ಎಂದು. ಸವೆತ ಅನ್ನುವುದು ನರೆಗೂದಲಿನ ಹಾಗೆ, ಹೆಚ್ಚು ಕಡಿಮೆ ಎಲ್ಲರಿಗೂ ಬರುತ್ತದೆ.

ಹಾಗಾದರೆ ಉಳಿದ ದಾರಿ ಒಂದೇ. ಕೇಳಬೇಕು. ನೋವು ಪಡುತ್ತಿರುವವರನ್ನೇ ಕೇಳಬೇಕು. ಇದು ಸುಲಭ ಅನ್ನಿಸುತ್ತದೆ, ಅಲ್ವಾ? ನನಗೂ ಹಾಗೇ ಅನ್ನಿಸಿತ್ತು.

ಕೆಲಸಕ್ಕೆ ಸೇರಿದ ಹೊಸತು. ಒಬ್ಬ ರಿಟೈರ್ಡ್ ಮೇಷ್ಟ್ರು ಬರುತ್ತಿದ್ದರು. ಮೊದಲ ದಿನ ಕೇಳಿದೆ: "ಸೊನ್ನೆ ಅಂದ್ರೆ ನೋವೇ ಇಲ್ಲ, ಹತ್ತು ಅಂದ್ರೆ ತಡೆಯೋಕೇ ಆಗದ ನೋವು. ನಿಮ್ಮದು ಎಷ್ಟು ಮೇಷ್ಟ್ರೇ?" ಆರು ಎಂದರು. ಬರೆದುಕೊಂಡೆ. ಆರು ವಾರ ಆದ ಮೇಲೆ ಅದೇ ಪ್ರಶ್ನೆ ಕೇಳಿದೆ. ಮೇಷ್ಟ್ರು ಕೈ ಆಡಿಸಿ ತೋರಿಸಿ, "ರೂಪಾಯಿಗೆ ಎಂಟಾಣೆ ವಾಸಿ ಕಣಮ್ಮ" ಎಂದರು. ಎಂಟಾಣೆ ಅಂದರೆ ಅರ್ಧ. ಹತ್ತರಲ್ಲಿ ಅರ್ಧ ಐದು. ನಾನು 5 ಎಂದು ಬರೆದುಬಿಟ್ಟೆ.

ತಪ್ಪು ಗೊತ್ತಾಯಿತಲ್ಲ? ಮೇಷ್ಟ್ರು ಹೇಳಿದ್ದು ಎಷ್ಟು ಕಮ್ಮಿಯಾಯಿತು ಎಂದು. ನಾನು ಬರೆದದ್ದು ಎಷ್ಟಿದೆ ಎಂದು. ಅವರ ಬಾಯಲ್ಲಿ ನೋವು ಅರ್ಧಕ್ಕೆ ಇಳಿದಿತ್ತು, ನನ್ನ ಫೈಲಿನಲ್ಲಿ ಬರೀ ಒಂದು ಅಂಕ ಇಳಿದಿತ್ತು. ಫೈಲು ನೋಡಿದ ಹಿರಿಯ ಡಾಕ್ಟರು "ಏನೂ ಪ್ರಯೋಜನ ಆಗಿಲ್ವಲ್ಲ" ಎಂದು ಚಿಕಿತ್ಸೆಯನ್ನೇ ಬದಲಿಸಿದರು.

1957ರಲ್ಲಿ ನಯಾಪೈಸೆ ಬಂದು ಆಣೆ ಹೋಯಿತು. ಆದರೆ ನೋವಿನ ಲೆಕ್ಕದಲ್ಲಿ ಆಣೆ ಇನ್ನೂ ಚಲಾವಣೆಯಲ್ಲಿದೆ. ಆಣೆ ಮುಟ್ಟಿಯೂ ನೋಡದ ವಯಸ್ಸಿನವರು ಕೂಡ "ನಾಲ್ಕಾಣೆ ವಾಸಿ" ಅನ್ನುತ್ತಾರೆ. ಮೊದಮೊದಲು ಇದು ಹಳ್ಳಿಯ ಒರಟು ಲೆಕ್ಕ ಎಂದುಕೊಂಡಿದ್ದೆ. ಓದಿದಂತೆ ಗೊತ್ತಾಯಿತು, ಸಂಶೋಧಕರು ಕಷ್ಟಪಟ್ಟು ಹುಡುಕಿದ್ದೂ ಇದನ್ನೇ.

ಅವರ ಕಥೆ ಹೀಗೆ. ನೋವನ್ನು ಅಂಕದಲ್ಲಿ ಅಳೆಯುವುದು ಹೊಸದಲ್ಲ. 100 ಮಿಲಿಮೀಟರ್ ಉದ್ದದ ಒಂದು ಗೆರೆ ಎಳೆದು, ಈ ತುದಿ ನೋವಿಲ್ಲ, ಆ ತುದಿ ಅತಿ ನೋವು, ನಿಮ್ಮ ನೋವು ಎಲ್ಲಿದೆ ಗುರುತು ಹಾಕಿ ಎನ್ನುವ ಪದ್ಧತಿ ಇದೆ. 1974ರಲ್ಲಿ ಹಸ್ಕಿಸನ್ ಎಂಬ ಡಾಕ್ಟರು ಇದರ ಬಗ್ಗೆ ಬರೆದ ಮೇಲೆ ಎಲ್ಲ ಕಡೆ ಹಬ್ಬಿತು. ಸರಿ, 62 ಮಿಲಿಮೀಟರ್ ಇದ್ದದ್ದು 58ಕ್ಕೆ ಬಂತು ಅಂತಿಟ್ಟುಕೊಳ್ಳಿ. ಅದು ವಾಸಿಯಾದ ಲೆಕ್ಕವಾ? ಗೆರೆ ಹೌದು ಅನ್ನುತ್ತದೆ. ಮನುಷ್ಯನಿಗೆ ಏನೂ ಗೊತ್ತಾಗಿರುವುದಿಲ್ಲ. 1989ರಲ್ಲಿ ಕೆನಡಾದ ಮೂವರು, ಯೆಶ್ಕೆ, ಸಿಂಗರ್ ಮತ್ತು ಗಯಾಟ್, ಈ ಪ್ರಶ್ನೆಯನ್ನು ನೇರವಾಗಿ ಹಿಡಿದರು. ಅಂಕ ಎಷ್ಟು ಬದಲಾದರೆ ಜನಕ್ಕೆ ಅನುಭವಕ್ಕೆ ಬರುತ್ತದೆ? ಅದನ್ನು ಹುಡುಕಲು ಅವರು ಅಂಕದ ಜೊತೆಗೆ ಇನ್ನೊಂದು ಮಾತನ್ನೂ ಕೇಳಿದರು: ಹೋದ ಸಲಕ್ಕಿಂತ ಈಗ ಹೇಗಿದ್ದೀರಿ, ಸ್ವಲ್ಪ ವಾಸಿಯೋ, ಜಾಸ್ತಿ ವಾಸಿಯೋ, ಹಾಗೇ ಇದೆಯೋ? "ಸ್ವಲ್ಪ ವಾಸಿ" ಎಂದವರ ಅಂಕ ಎಷ್ಟು ಬದಲಾಗಿದೆ ನೋಡಿದರು. ಆಣೆ ಲೆಕ್ಕವನ್ನು ಅಂಕದ ಲೆಕ್ಕದ ಪಕ್ಕದಲ್ಲಿಟ್ಟು ತಾಳೆ ನೋಡಿದರು, ಅಷ್ಟೇ.

ಮೇಷ್ಟ್ರು ಹೇಳಿದ್ದು ತಪ್ಪಲ್ಲ. ನಾನು ಎರಡನ್ನೂ ಕೇಳಿ, ಎರಡನ್ನೂ ಬೇರೆ ಬೇರೆ ಬರೆದುಕೊಳ್ಳಬೇಕಿತ್ತು. ಆಣೆಯೊಂದನ್ನೇ ನಂಬುವ ಹಾಗೂ ಇಲ್ಲ. ಆರು ವಾರದ ಹಿಂದಿನ ನೋವು ಯಾರಿಗೂ ಸರಿಯಾಗಿ ನೆನಪಿರುವುದಿಲ್ಲ. ಇವತ್ತು ಚೆನ್ನಾಗಿದ್ದರೆ ಅವತ್ತಿನದು ಬೆಟ್ಟದಷ್ಟಿತ್ತು ಅನ್ನಿಸುತ್ತದೆ.

ಈಗ ಕೆಲಸದ ವಿಷಯಕ್ಕೆ ಬರೋಣ. ನೋವು ಒಂದು, ಕೈಯಲ್ಲಿ ಏನು ಮಾಡಲು ಆಗುತ್ತದೆ ಎನ್ನುವುದು ಇನ್ನೊಂದು. ಇದಕ್ಕೆ ಪ್ರಶ್ನೆಪತ್ರಿಕೆಗಳಿವೆ. ತುಂಬ ಹೆಸರು ಮಾಡಿದ್ದು ಡ್ಯಾಶ್. 1996ರಲ್ಲಿ ಅಮೆರಿಕದ ಮೂಳೆ ಸರ್ಜನ್‌ಗಳ ಸಂಘ ಮತ್ತು ಕೆನಡಾದ ಟೊರಾಂಟೊದ ಒಂದು ಸಂಶೋಧನಾ ಸಂಸ್ಥೆ ಸೇರಿ ಮಾಡಿದ್ದು. 30 ಪ್ರಶ್ನೆಗಳು. ಪ್ರತಿಯೊಂದಕ್ಕೂ 1ರಿಂದ 5. ಒಂದು ಅಂದರೆ ಏನೂ ಕಷ್ಟ ಇಲ್ಲ, ಐದು ಅಂದರೆ ಆಗುವುದೇ ಇಲ್ಲ. ಎಲ್ಲದರ ಸರಾಸರಿ ತೆಗೆದು, ಒಂದು ಕಳೆದು, 25ರಿಂದ ಗುಣಿಸಿದರೆ ಸೊನ್ನೆಯಿಂದ 100ರೊಳಗೆ ಒಂದು ಅಂಕ. ಜಾಸ್ತಿ ಅಂದರೆ ಜಾಸ್ತಿ ತೊಂದರೆ. 2005ರಲ್ಲಿ 11 ಪ್ರಶ್ನೆಗಳ ಚಿಕ್ಕ ರೂಪವೂ ಬಂತು. ದೊಡ್ಡದರಲ್ಲಿ ಸುಮಾರು 10ರಿಂದ 15 ಅಂಕ ಬದಲಾದರೆ ಜನಕ್ಕೆ ಅನುಭವಕ್ಕೆ ಬರುತ್ತದೆ ಎಂದು ಹೇಳುತ್ತಾರೆ. ಇದೊಂದು ಸಂಖ್ಯೆ ನೆನಪಿಟ್ಟುಕೊಳ್ಳಿ. "ಅಂಕದಲ್ಲಿ ಇಳಿಕೆ ಕಂಡುಬಂದಿದೆ" ಎಂದು ಯಾವುದಾದರೂ ಮುಲಾಮಿನವರು ಹೇಳಿದರೆ ಎಷ್ಟು ಇಳಿಕೆ ಎಂದು ಕೇಳಿ. ಸಾವಿರ ಜನರನ್ನು ಸೇರಿಸಿ ಲೆಕ್ಕ ಹಾಕಿದರೆ ಮೂರು ಅಂಕದ ಇಳಿಕೆಯೂ ಕಾಗದದ ಮೇಲೆ ನಿಜವಾಗಿಯೇ ಇರುತ್ತದೆ. ಯಾರ ಕೈಗೂ ಗೊತ್ತಾಗಿರುವುದಿಲ್ಲ.

ಡ್ಯಾಶ್ ಒಳ್ಳೆಯ ಕೆಲಸ. ಆದರೆ ಅದರ ಪ್ರಶ್ನೆಗಳನ್ನು ನೋಡಿ. ಬಿಗಿಯಾದ ಜಾಡಿಯ ಮುಚ್ಚಳ ತೆಗೆಯುವುದು, ಸರಿ. ಬೀಗದ ಕೈ ತಿರುಗಿಸುವುದು, ಸರಿ. ಹಾಸಿಗೆ ಸರಿಮಾಡುವುದು, ಹೂಂ. ಮೈಗೆ ಸ್ವೆಟರ್ ತೂರಿಸಿಕೊಳ್ಳುವುದು. ಗಾಲ್ಫ್, ಟೆನ್ನಿಸ್. ಫ್ರಿಸ್ಬಿ ಎಸೆಯುವುದು!

(ಇಲ್ಲಿ ಸಭೆಯಲ್ಲಿ ನಗು. ಹಿಂದಿನಿಂದ ಒಬ್ಬರು ಫ್ರಿಸ್ಬಿ ಅಂದರೆ ಏನು ಎಂದು ಕೇಳಿದರು. ಪ್ಲಾಸ್ಟಿಕ್ ತಟ್ಟೆ, ಮಕ್ಕಳು ಎಸೆದಾಡುತ್ತಾರಲ್ಲ ಅದು ಎಂದೆ. "ಅದಕ್ಕೂ ಹೆಬ್ಬೆಟ್ಟಿಗೂ ಏನು ಸಂಬಂಧ?" ಎಂದರು. ಸರಿಯಾದ ಪ್ರಶ್ನೆ.)

ಡ್ಯಾಶ್ ಇರುವುದು ಇಡೀ ತೋಳಿಗೆ. ಭುಜದಿಂದ ಬೆರಳ ತುದಿಯವರೆಗೆ. ಆದ್ದರಿಂದ ಭುಜ ಹಿಡಿದುಕೊಂಡವರಿಗೂ ಅಂಕ ಏರುತ್ತದೆ. ಹೆಬ್ಬೆರಳು ಪೂರಾ ವಾಸಿಯಾಗಿ ಭುಜ ಕೆಟ್ಟರೆ ಕಾಗದದಲ್ಲಿ ಏನೂ ಸುಧಾರಿಸಿದ ಹಾಗೆ ಕಾಣುವುದಿಲ್ಲ. ಜೊತೆಗೆ, ಯಾವ ಕೈಯಲ್ಲಿ ಮಾಡುತ್ತೀರಿ ಎಂದು ಅದು ಕೇಳುವುದಿಲ್ಲ. ಬಲಗೈ ನೋಯುತ್ತಿದ್ದರೆ ಎಡಗೈಯಲ್ಲಿ ಮಾಡಿದರೂ "ಕಷ್ಟವಿಲ್ಲ" ಎಂದು ಬರೆಯಬಹುದು. ಇದು ತಪ್ಪೆಂದು ನಾನು ಹೇಳುವುದಿಲ್ಲ. ಮನೆ ನಡೆಯುತ್ತಿದೆಯಾ ಇಲ್ಲವಾ ಎಂದು ಕೇಳುವ ರೀತಿ ಅದು. ಆದರೆ ಇಂಥ ಕೈಗೇ ಏನಾಗಿದೆ ಎಂದು ಬೇಕಿದ್ದರೆ 1998ರ ಮಿಷಿಗನ್ ಪ್ರಶ್ನೆಪತ್ರಿಕೆ ಇದೆ, ಎಡ ಬಲ ಬೇರೆ ಬೇರೆ ಕೇಳುತ್ತದೆ. ಕೈ ನೋಡಲು ಹೇಗೆ ಕಾಣುತ್ತದೆ, ಅದರಿಂದ ಬೇಜಾರಾಗುತ್ತದಾ ಎಂದೂ ಕೇಳುತ್ತದೆ. ಬರೀ ಹೆಬ್ಬೆರಳ ಬುಡಕ್ಕೆಂದೇ 12 ಪ್ರಶ್ನೆಗಳ ಪತ್ರಿಕೆ 2016ರಲ್ಲಿ ಬಂತು.

ಇನ್ನು ಕನ್ನಡಕ್ಕೆ ತರುವ ಕಷ್ಟ. ಇದಕ್ಕೊಂದು ಪದ್ಧತಿ ಇದೆ. ಇಬ್ಬರು ಬೇರೆ ಬೇರೆಯಾಗಿ ಅನುವಾದಿಸಬೇಕು, ಎರಡನ್ನೂ ಕೂಡಿಸಬೇಕು, ಮೂಲ ನೋಡದ ಬೇರೆಯವರು ಅದನ್ನು ಮತ್ತೆ ಮೂಲ ಭಾಷೆಗೆ ತಿರುಗಿಸಬೇಕು, ಎಲ್ಲರೂ ಕೂತು ತಾಳೆ ನೋಡಬೇಕು, ಆಮೇಲೆ 30ರಿಂದ 40 ಜನರ ಮೇಲೆ ಪ್ರಯೋಗಿಸಿ ನೋಡಬೇಕು. 2000ದಲ್ಲಿ ಬೀಟನ್ ಮತ್ತು ಜೊತೆಯವರು ಬರೆದಿಟ್ಟ ದಾರಿ ಇದು. ಒಳ್ಳೆಯ ದಾರಿಯೇ. ಆದರೂ ಮಾತು ಜಾರುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ಡ್ಯಾಶ್‌ನ ಉತ್ತರಗಳಲ್ಲಿ ಎರಡನೆಯದು ಲಘುವಾದ ತೊಂದರೆ. ಕನ್ನಡದಲ್ಲಿ ಯಾರಾದರೂ ಸಹಜವಾಗಿ "ಸ್ವಲ್ಪ ಕಷ್ಟ" ಅಂತಾರೆ. ಈಗ ಹೇಳಿ, ನೀವು ಪಕ್ಕದ ಮನೆಯವರ ಹತ್ತಿರ ಹತ್ತು ಸಾವಿರ ಸಾಲ ಕೇಳಿದಿರಿ. ಅವರು "ಸ್ವಲ್ಪ ಕಷ್ಟ ಕಣ್ರೀ" ಎಂದರು. ಎಷ್ಟು ಸಿಗುತ್ತದೆ? ಒಂದು ಪೈಸೆಯೂ ಇಲ್ಲ! ನಮ್ಮಲ್ಲಿ "ಸ್ವಲ್ಪ ಕಷ್ಟ" ಅಂದರೆ ಮರ್ಯಾದೆಯಾಗಿ "ಆಗಲ್ಲ" ಎಂದು. ಹಾಗಾಗಿ ಬಟ್ಟೆ ಹಿಂಡಲು ಆಗದೆ ಆರು ತಿಂಗಳಾದ ಹೆಂಗಸು "ಸ್ವಲ್ಪ ಕಷ್ಟ" ಎಂದು ಎರಡಕ್ಕೆ ಗುರುತು ಹಾಕಿಸುತ್ತಾರೆ. ಅವರ ಲೆಕ್ಕದಲ್ಲಿ ಅದು ಐದು.

"ಪರವಾಗಿಲ್ಲ" ಇನ್ನೂ ಕಿಲಾಡಿ. "ಹೇಗಿದೆ ಅಮ್ಮ?" "ಪರವಾಗಿಲ್ಲ." ವಾಸಿಯಾಗಿದೆ ಎಂದೇ? ತಡೆದುಕೊಳ್ಳಬಹುದು ಎಂದೇ? ಹೇಳಿ ಏನು ಪ್ರಯೋಜನ, ಬಿಡಿ ಎಂದೇ? ಮೂರೂ ಆಗಬಹುದು. ನಾನು ಈ ಪದ ಬಂದ ತಕ್ಷಣ ಪೆನ್ನು ಕೆಳಗಿಟ್ಟು ಇನ್ನೊಂದು ಪ್ರಶ್ನೆ ಕೇಳುತ್ತೇನೆ.

ಖಾಲಿ ಬಿಡುವ ಪ್ರಶ್ನೆಗಳೂ ಇವೆ. ಡ್ಯಾಶ್‌ನ 30ರಲ್ಲಿ 27ಕ್ಕಾದರೂ ಉತ್ತರ ಇರಬೇಕು, ಇಲ್ಲದಿದ್ದರೆ ಅಂಕ ಲೆಕ್ಕ ಹಾಕುವ ಹಾಗಿಲ್ಲ. ಗಂಡ ಹೆಂಡಿರ ಸಂಬಂಧದ ಬಗ್ಗೆ ಒಂದು ಪ್ರಶ್ನೆ ಇದೆ. ನಮ್ಮ ಕಡೆ ಅದು ಖಾಲಿ. ಗಾಲ್ಫ್, ಖಾಲಿ. ಫ್ರಿಸ್ಬಿ, ಖಾಲಿ. ಮೂರು ಮುಗಿಯಿತು. ಇನ್ನೊಂದು ಬಿಟ್ಟರೆ ಇಡೀ ಹಾಳೆ ದಂಡ. ಈ ವಾರ ಮಾಡದ ಕೆಲಸವಾದರೆ ಊಹಿಸಿ ಬರೆಯಿರಿ ಎಂದು ಪತ್ರಿಕೆಯೇ ಹೇಳುತ್ತದೆ. ಜೀವಮಾನದಲ್ಲೇ ಮಾಡದ್ದನ್ನು ಹೇಗೆ ಊಹಿಸುವುದು? ಆಗ ಏನಾಗುತ್ತದೆ ಗೊತ್ತಾ? ಹಾಳೆ ಹಿಡಿದ ತರಬೇತಿ ಹುಡುಗಿ, ಸಂಜೆ ಐದಾಗಿದೆ, ಬಸ್ಸಿಗೆ ಹೊತ್ತಾಗಿದೆ, ಖಾಲಿ ಇರುವ ಕಡೆಯೆಲ್ಲ ಮೂರು ಮೂರು ಎಂದು ತುಂಬಿಬಿಡುತ್ತಾಳೆ. ಆ ಹುಡುಗಿಯ ಹೆಸರು ಹೇಳಬೇಕಿಲ್ಲ, ನಿಮ್ಮ ಮುಂದೆಯೇ ನಿಂತಿದ್ದೇನೆ.

ಓದು ಬಾರದವರ ವಿಷಯ ಬೇರೆ. ಸಹಿಗೆ ಹೆಬ್ಬೆಟ್ಟು ಒತ್ತುವವರ ಹೆಬ್ಬೆಟ್ಟು ನೋಯುತ್ತಿದ್ದರೆ ಪ್ರಶ್ನೆಯನ್ನು ಇನ್ನೊಬ್ಬರು ಓದಿ ಹೇಳಬೇಕು. ಆಗ ಉತ್ತರ ಬದಲಾಗುತ್ತದೆ. ಡಾಕ್ಟರು ಕೇಳಿದರೆ ಬೇಜಾರು ಮಾಡಬಾರದು ಎಂದು ನೋವು ಕಡಿಮೆ ಹೇಳುತ್ತಾರೆ. ಸೊಸೆ ಪಕ್ಕದಲ್ಲಿದ್ದರೆ ಕೆಲವು ಅತ್ತೆಯರಿಗೆ ನೋವು ಜಾಸ್ತಿ, ಕೆಲವರಿಗೆ ಇಲ್ಲವೇ ಇಲ್ಲ. ನಗಬೇಡಿ, ಎರಡನ್ನೂ ನೋಡಿದ್ದೇನೆ. ಈಗ ನಾನು ಜೊತೆಗೆ ಬಂದವರನ್ನು ಚೀಟಿ ಮಾಡಿಸಲು ಕಳಿಸಿ ಆಮೇಲೆ ಕೇಳುತ್ತೇನೆ.

ಒಬ್ಬ ತಾಯಿ ಈ ಹೊತ್ತಿಗೆ ಎದ್ದು ನಿಂತು ಕೇಳಿದರು: "ಹಾಗಾದ್ರೆ ನೋವೆಲ್ಲ ಮನಸ್ಸಿಂದು ಅಂತೀರಾ? ನಮ್ಮ ಮನೇಲೂ ಹಾಗೇ ಅಂತಾರೆ."

ಇಲ್ಲಮ್ಮ. ಇದನ್ನು ನಿಧಾನವಾಗಿ ಹೇಳಬೇಕು. 2006ರಲ್ಲಿ ಅಮೆರಿಕದ ಕೈ ಸರ್ಜನ್ ಡೇವಿಡ್ ರಿಂಗ್ ಮತ್ತು ಜೊತೆಯವರು ತೋರಿಸಿದ್ದು ಇಷ್ಟು: ಮನಸ್ಸು ಕುಗ್ಗಿದವರಲ್ಲಿ ಡ್ಯಾಶ್ ಅಂಕವೂ ಜಾಸ್ತಿ ಇರುತ್ತದೆ. "ಇನ್ನು ನನ್ನ ಕೈ ಮುಗೀತು" ಎಂದು ಕೂತವರಿಗೆ ಅದೇ ಸವೆತ ಜಾಸ್ತಿ ಅಡ್ಡಿ ಮಾಡುತ್ತದೆ. ಹಾಗೆಂದು ನೋವು ಸುಳ್ಳಾಗುವುದಿಲ್ಲ. ನಿದ್ದೆಗೆಟ್ಟ ದಿನ ಮಗುವಿನ ಅಳು ಜೋರಾಗಿ ಕೇಳುತ್ತದೆ. ಮಗು ಅಳುತ್ತಿರುವುದಂತೂ ನಿಜ ತಾನೇ? ಅಂಕ ಏರಿದ್ದಕ್ಕೆಲ್ಲ ಕತ್ತರಿ ಹಿಡಿದು ಆಪರೇಷನ್ನಿಗೆ ಓಡಬಾರದು, ಅಷ್ಟನ್ನೇ ನಾನು ಹೇಳುವುದು. ಒಮ್ಮೊಮ್ಮೆ ಅಂಕ ಏರಿರುವುದು ಮನೆಯಲ್ಲಿ ಸಾವಾದದ್ದಕ್ಕೆ.

ಯಾವಾಗ ಅಳೆಯುತ್ತೇವೆ ಎನ್ನುವುದೂ ಮುಖ್ಯ. ಹೆಬ್ಬೆರಳಿಗೆ ಹಾಕುವ ಪಟ್ಟಿ ನಿಮಗೆ ಗೊತ್ತು, ಸ್ಪ್ಲಿಂಟ್ ಎನ್ನುತ್ತೇವೆ. ಫ್ರಾನ್ಸಿನಲ್ಲಿ 112 ಜನರ ಮೇಲೆ ಒಂದು ಪರೀಕ್ಷೆ ನಡೆಯಿತು, 2009ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ರಾತ್ರಿ ಹಾಕಿಕೊಳ್ಳಲು ಅಳತೆಗೆ ಮಾಡಿಸಿದ ಸ್ಪ್ಲಿಂಟ್, ಇನ್ನೊಂದು ಗುಂಪಿಗೆ ಮಾಮೂಲಿ ಚಿಕಿತ್ಸೆ. ಒಂದು ತಿಂಗಳಿಗೆ ಆ 100 ಮಿಲಿಮೀಟರ್ ಗೆರೆಯ ಮೇಲೆ ಅಳೆದರು. ವ್ಯತ್ಯಾಸವೇ ಇರಲಿಲ್ಲ. ಅಲ್ಲಿಗೇ ನಿಲ್ಲಿಸಿದ್ದರೆ ಸ್ಪ್ಲಿಂಟ್ ದಂಡ ಎಂದು ಎಸೆಯುತ್ತಿದ್ದೆವು. ಒಂದು ವರ್ಷಕ್ಕೆ ಮತ್ತೆ ಅಳೆದಾಗ ಸ್ಪ್ಲಿಂಟ್ ಹಾಕಿದವರ ನೋವು ಸುಮಾರು 22 ಮಿಲಿಮೀಟರ್ ಇಳಿದಿತ್ತು, ಉಳಿದವರದು ಸುಮಾರು 8. ನಮ್ಮಲ್ಲಿ ಎಷ್ಟೋ ಜನ ಹದಿನೈದು ದಿನ ಹಾಕಿ, "ಏನೂ ಆಗ್ಲಿಲ್ಲ ಮೇಡಂ" ಎಂದು ಬೀರುವಿನ ಮೇಲೆ ಇಟ್ಟುಬಿಡುತ್ತಾರೆ. ಸೆಕೆಗೆ ಬೆವರುತ್ತದೆ ಎನ್ನುವುದೂ ನಿಜವೇ.

ಇಷ್ಟೆಲ್ಲ ತಕರಾರು ಹೇಳಿದ ಮೇಲೆ, ನೀವೇನು ಮಾಡುತ್ತೀರಿ ಎಂದು ಕೇಳಬಹುದು. ಸಂಶೋಧನೆಗೆ ದೊಡ್ಡ ಪತ್ರಿಕೆಗಳು ಬೇಕು. ಈ ಊರಿನವರನ್ನೂ ಆ ದೇಶದವರನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸಿ ನೋಡಲು ಬೇರೆ ದಾರಿ ಇಲ್ಲ. ಆದರೆ ನನ್ನ ಮುಂದೆ ಕೂತ ಒಬ್ಬರಿಗೆ ನಾನು ಬಳಸುವುದು ಒಂದು ಚಿಕ್ಕ ಹಾಳೆ. 1995ರಲ್ಲಿ ಕೆನಡಾದ ಪಾಲ್ ಸ್ಟ್ರ್ಯಾಟ್‌ಫರ್ಡ್ ಎಂಬ ಫಿಸಿಯೋಥೆರಪಿಸ್ಟ್ ಮತ್ತು ಜೊತೆಯವರು ಮಾಡಿದ್ದು. ಅದರಲ್ಲಿ ಪ್ರಶ್ನೆಗಳೇ ಇಲ್ಲ. "ಈ ನೋವಿಂದ ನಿಮಗೆ ಮಾಡಲು ಕಷ್ಟವಾಗಿರುವ ಮೂರು ಕೆಲಸ ನೀವೇ ಹೇಳಿ" ಎನ್ನುತ್ತದೆ. ಆಮೇಲೆ ಒಂದೊಂದಕ್ಕೂ ಅಂಕ. ಸೊನ್ನೆ ಅಂದರೆ ಆಗುವುದೇ ಇಲ್ಲ, ಹತ್ತು ಅಂದರೆ ಮುಂಚಿನ ಹಾಗೇ ಆಗುತ್ತದೆ. ಮೂರರ ಸರಾಸರಿ ಎರಡು ಅಂಕವಾದರೂ ಬದಲಾದರೆ ಲೆಕ್ಕಕ್ಕೆ ಹಿಡಿಯಬಹುದು. ಒಂದೇ ಕೆಲಸವಾದರೆ ಮೂರು ಅಂಕ ಬೇಕು. ಅದಕ್ಕಿಂತ ಕಡಿಮೆಯಾದರೆ ಅವತ್ತಿನ ಮೂಡಿನ ಏರಿಳಿತವೂ ಇರಬಹುದು.

ಇದರಲ್ಲಿ ಒಬ್ಬರ ಅಂಕವನ್ನು ಇನ್ನೊಬ್ಬರ ಅಂಕದ ಜೊತೆ ಹೋಲಿಸುವ ಹಾಗಿಲ್ಲ. ಹೂವಿನ ಮೊಳದ ಹಾಗೆ. ಒಬ್ಬೊಬ್ಬ ಹೂವಾಡಗಿತ್ತಿಯ ಮೊಳ ಒಂದೊಂದು ಉದ್ದ. ಆದರೆ ಒಬ್ಬರ ಹತ್ತಿರವೇ ದಿನಾ ಕೊಳ್ಳುತ್ತಿದ್ದರೆ ಇವತ್ತು ಕಮ್ಮಿ ಕೊಟ್ಟರೆ ಗೊತ್ತಾಗಿಬಿಡುತ್ತದೆ.

ಮೊಳ ಎಂದಾಗ ನೆನಪಾದರು. ಮಾರ್ಕೆಟ್ಟಿನ ಹತ್ತಿರ ಮಲ್ಲಿಗೆ ಕಟ್ಟಿ ಮಾರುವ ಒಬ್ಬ ಅಮ್ಮ, ಅರವತ್ತರ ಮೇಲೆ ವಯಸ್ಸು. ಎಕ್ಸ್‌ರೇಯಲ್ಲಿ ಮೂರನೇ ಹಂತ. ಮೂರು ಕೆಲಸ ಹೇಳಿ ಎಂದೆ. ಹೂ ಕಟ್ಟುವುದು, ಅಂಕ 3. ಕುಕ್ಕರ್ ಮುಚ್ಚಳ ತಿರುಗಿಸುವುದು, 2. ಮೂರನೆಯದಕ್ಕೆ ಸ್ವಲ್ಪ ಯೋಚಿಸಿ, "ಮೊಮ್ಮಗನ ಚಡ್ಡಿ ಗುಂಡಿ ಹಾಕಕ್ಕಾಗಲ್ಲ ಕಣವ್ವ, ಸ್ಕೂಲಿಗೆ ಹೊತ್ತಾಯ್ತದೆ" ಎಂದರು. ಅದಕ್ಕೆ 4. ಡ್ಯಾಶ್‌ನ ಮೂವತ್ತರಲ್ಲಿ ಹೂವೂ ಇಲ್ಲ, ಮೊಮ್ಮಗನೂ ಇಲ್ಲ.

ಸ್ಪ್ಲಿಂಟ್ ಕೊಟ್ಟೆ, ವ್ಯಾಯಾಮ ಹೇಳಿಕೊಟ್ಟೆ, ದಾರ ಹಿಡಿಯುವ ರೀತಿ ಸ್ವಲ್ಪ ಬದಲಾಯಿಸಿದೆವು. ಏಳು ತಿಂಗಳಾದ ಮೇಲೆ ಅದೇ ಹಾಳೆ ತೆಗೆದೆ. ಹೂವಿಗೆ 6 ಎಂದರು. ಕುಕ್ಕರಿಗೆ ಈಗಲೂ ಎರಡೇ, ಅದನ್ನು ಮಗಳಿಗೆ ವಹಿಸಿಬಿಟ್ಟಿದ್ದಾರಂತೆ. ಗುಂಡಿಗೆ ಎಷ್ಟು ಬರೆಯಲಿ ಎಂದು ಕೇಳಿದೆ.

"ಅದನ್ನ ಹೊಡ್ದಾಕು," ಎಂದರು. "ಅವನೇ ಹಾಕ್ಕೋತಾನೆ ಈಗ."